ಫಿನ್ಲೆಂಡ್ ಫ್ಲೋರ್‌ಬಾಲ್: ಅಣ್ಣನನ್ನ ಸೋಲಿಸೋಕೆ ಹನ್ನೆರಡು ವರ್ಷ

ನಾರ್ಡಿಕ್ ಕ್ಲೈಂಟ್‌ಗಳ ಜೊತೆ ಕೆಲಸ ಮಾಡೋರಿಗೆ ಈ ಆಟದ ಹೆಸರು ಕಿವಿಗೆ ಬಿದ್ದಿರಬಹುದು. ಫಿನ್ಲೆಂಡಿನವರು ಸಾಲಿಬಂಡಿ ಅಂತಾರೆ, ಸ್ವೀಡನ್ನಿನವರು ಇನ್ನೆಬಂಡಿ. ಮಿಕ್ಕ ಜಗತ್ತಿಗೆ ಫ್ಲೋರ್‌ಬಾಲ್. ಒಳಾಂಗಣದಲ್ಲಿ ಆಡೋ ಹಾಕಿ ಅಂದ್ಕೊಳ್ಳಿ: 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ, 26 ತೂತುಗಳಿರೋ 23 ಗ್ರಾಂ ತೂಕದ ಪ್ಲಾಸ್ಟಿಕ್ ಚೆಂಡು. ಗೋಲ್‌ಕೀಪರ್ ಕೈಯಲ್ಲಿ ಸ್ಟಿಕ್ಕೇ ಇರಲ್ಲ, ಮಂಡಿಯೂರಿ ಮೈಯೊಡ್ಡಿ ತಡೀಬೇಕು.

1986ರಲ್ಲಿ ಸ್ವೀಡನ್, ಫಿನ್ಲೆಂಡ್, ಸ್ವಿಟ್ಜರ್ಲೆಂಡ್ ಸೇರಿ ಸ್ವೀಡನ್ನಿನ ಹುಸ್ಕ್‌ವರ್ನಾದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಪುರುಷರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಿದ್ದು 1996ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಫೈನಲ್ ಗ್ಲೋಬೆನ್ ಅನ್ನೋ ಗುಂಡನೆಯ ದೊಡ್ಡ ಕ್ರೀಡಾಂಗಣದಲ್ಲಿ. ಸ್ವೀಡನ್ 5, ಫಿನ್ಲೆಂಡ್ 0.

ಈ ಜಾಗದ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಅದಕ್ಕೆ ಒಂದೇ ವರ್ಷದ ಹಿಂದೆ, 1995ರ ಮೇನಲ್ಲಿ, ಇದೇ ಗ್ಲೋಬೆನ್‌ನಲ್ಲಿ ಫಿನ್ಲೆಂಡ್ ಸ್ವೀಡನ್ನನ್ನ 4-1ರಿಂದ ಸೋಲಿಸಿ ಐಸ್ ಹಾಕಿಯಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆಗಿತ್ತು. 1809ರವರೆಗೆ ಶತಮಾನಗಳ ಕಾಲ ಸ್ವೀಡನ್ ರಾಜ್ಯದ ಭಾಗವಾಗಿದ್ದ ದೇಶ ಅದು. ಇವತ್ತಿಗೂ ಸ್ವೀಡಿಷ್ ಅಲ್ಲಿನ ಅಧಿಕೃತ ಭಾಷೆಗಳಲ್ಲೊಂದು. ಸ್ವೀಡನ್ನಿನ ಅರ್ಧದಷ್ಟೇ ಜನಸಂಖ್ಯೆ. ಅಂಥವರಿಗೆ ದೊಡ್ಡಣ್ಣನ ಮನೆಯಂಗಳದಲ್ಲೇ ಗೆಲ್ಲೋದು ಅಂದ್ರೆ ಏನು ಅಂತ ಊಹಿಸ್ಕೊಳ್ಳಿ. ಆದ್ರೆ ಐಸ್ ಮೇಲೆ ಸಿಕ್ಕಿದ್ದು ನೆಲದ ಮೇಲೆ ಸಿಗಲಿಲ್ಲ.

1998ರಲ್ಲಿ ಕಂಚು. 2000ದಲ್ಲಿ ಓಸ್ಲೋದಲ್ಲಿ ಮತ್ತೆ ಫೈನಲ್, ಮತ್ತೆ ಸ್ವೀಡನ್, 5-3ರ ಸೋಲು. 2002ರಲ್ಲಿ ಸ್ವಂತ ಊರು ಹೆಲ್ಸಿಂಕಿಯಲ್ಲೇ 6-4ರ ಸೋಲು. 2004ರಲ್ಲಿ ಪುನಃ ಕಂಚು. 2006ರಲ್ಲಿ ಗ್ಲೋಬೆನ್‌ಗೇ ವಾಪಸ್. ಈ ಸಲ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯ್ತು, ಸ್ವೀಡನ್ 7-6. ಅಂದ್ರೆ ಆರು ಚಾಂಪಿಯನ್‌ಶಿಪ್, ಆರೂ ಸ್ವೀಡನ್ನಿಗೆ. ಫಿನ್ಲೆಂಡಿಗೆ ಪದಕ ಪ್ರತಿ ಸಲವೂ ಬಂತು, ಚಿನ್ನ ಒಂದು ಸಲವೂ ಬರಲಿಲ್ಲ.

2008ರ ಡಿಸೆಂಬರ್, ಪ್ರಾಗ್. ಅದೇ ಎರಡು ತಂಡ. ಮತ್ತೆ ಹೆಚ್ಚುವರಿ ಸಮಯ. ಸ್ಕೋರೂ ಅದೇ 7-6. ಆದ್ರೆ ಈ ಸಲ ಏಳು ಫಿನ್ಲೆಂಡಿನದ್ದು!

ಇದನ್ನ ಅದೃಷ್ಟ ಅನ್ನೋಕೆ ನಾನಂತೂ ಒಪ್ಪಲ್ಲ. ಎರಡು ವರ್ಷದ ನಂತರ ಹೆಲ್ಸಿಂಕಿಯಲ್ಲಿ 6-2ರಿಂದ ಗೆದ್ರಲ್ಲ, ಅದಕ್ಕೇನಂತೀರಿ? ಆ ಪೀಳಿಗೆಯ ದೊಡ್ಡ ಹೆಸರು ಮಿಕಾ ಕೊಹೊನೆನ್. ಆತ ಕ್ಲಬ್ ಪಂದ್ಯ ಆಡ್ತಿದ್ದಿದ್ದು ಸ್ವೀಡನ್ನಿನಲ್ಲೇ, ಉಪ್ಸಾಲಾದ ಸ್ಟೋರ್‌ವ್ರೆಟಾ ತಂಡಕ್ಕೆ. ಕೆಲಸ ಹುಡುಕ್ಕೊಂಡು ಬೇರೆ ಊರಿಗೆ ಬಂದು, ಅಲ್ಲಿನವರ ಆಟವನ್ನ ಅಲ್ಲಿನವರಿಗಿಂತ ಚೆನ್ನಾಗಿ ಕಲಿಯೋದು ನಮಗೇನು ಹೊಸದಲ್ಲ ಬಿಡಿ.

ಹಾಗಂತ ಮುಂದಿನ ದಾರಿ ಸಲೀಸಾಗಿರಲಿಲ್ಲ. 2012ರಲ್ಲಿ ಜ್ಯೂರಿಕ್ ಫೈನಲ್ಲಿನಲ್ಲಿ ಸ್ವೀಡನ್ 11-1ರಿಂದ ಬಡಿದು ಹಾಕ್ತು. 2014ರಲ್ಲಿ ಗೋಥೆನ್‌ಬರ್ಗ್‌ನಲ್ಲಿ 3-2. ಆಮೇಲೆ 2016ರಲ್ಲಿ ರೀಗಾದಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ, 2018ರಲ್ಲಿ ಪ್ರಾಗ್‌ನಲ್ಲಿ 6-3ರಿಂದ ಫಿನ್ಲೆಂಡ್ ಗೆದ್ದಿತು. ಕೋವಿಡ್‌ನಿಂದ 2021ರ ಡಿಸೆಂಬರ್‌ಗೆ ಮುಂದೂಡಿದ ಟೂರ್ನಿ, ಅದರ ಮುಂದಿನ 2022ರದ್ದು, ಎರಡೂ ಸ್ವೀಡನ್ ಪಾಲಾದವು.

ಒಟ್ಟು ಲೆಕ್ಕ ನೋಡಿ: 2024ರವರೆಗೆ 15 ಚಾಂಪಿಯನ್‌ಶಿಪ್, ಸ್ವೀಡನ್ 10, ಫಿನ್ಲೆಂಡ್ 5. ಬೇರೆ ಯಾರಿಗೂ ಒಂದೂ ಇಲ್ಲ. ಎರಡೇ ಮನೆಯಲ್ಲಿ ಓಡಾಡೋ ಕಪ್ಪಿಗೆ ವಿಶ್ವ ಕಪ್ ಅಂತ ಯಾಕೆ ಕರೀಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿದ್ರೂ ಒಲಿಂಪಿಕ್ಸ್ ಒಳಗೆ ಈ ಆಟ ಇನ್ನೂ ಕಾಲಿಟ್ಟಿಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಅನಿಸಿಕೆ.

ಆದ್ರೆ 2024ರ ಡಿಸೆಂಬರ್‌ನಲ್ಲಿ, ಸ್ವೀಡನ್ನಿನ ಮಾಲ್ಮೋದಲ್ಲಿ, ಫಿನ್ಲೆಂಡ್ ಐದನೇ ಚಿನ್ನ ಗೆದ್ದಾಗ ಎದುರಿಗಿದ್ದಿದ್ದು ಲಾಟ್ವಿಯಾ. 20 ಲಕ್ಷಕ್ಕಿಂತ ಕಡಿಮೆ ಜನರ ದೇಶ, ಅದುವರೆಗೆ ಪುರುಷರ ವಿಭಾಗದಲ್ಲಿ ಒಂದು ಪದಕವನ್ನೂ ಕಾಣದ ತಂಡ. ಸ್ವೀಡನ್ ಇಲ್ಲದ ಮೊದಲ ಫೈನಲ್ ಅದು, ಅದೂ ಅವರದ್ದೇ ಊರಲ್ಲಿ.