ಕೇಕ್ ಕತ್ತರಿಸಿದ ಮೇಲೆ...

ಸಾರಕ್ಕಿ ಅಂದ ಕೂಡಲೇ 2015ರಲ್ಲಿ ಅಲ್ಲಿನ ಕೆರೆಯ ಒತ್ತುವರಿ ತೆರವು ಮಾಡಿದ್ದು ಎಲ್ಲರಿಗೂ ನೆನಪಾಗುತ್ತೆ. ನಾನು ಹೇಳಹೊರಟಿರೋದು ಅದರ ನೆರೆಯ, ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯ ಕಥೆ.

ಬರೀ 13 ಎಕರೆ ಚಿಲ್ಲರೆ ಕೆರೆ. 2008ರ ಹೊತ್ತಿಗೆ ಒಣಗಿ ಕಸದ ಗುಂಡಿಯಾಗುತ್ತಿತ್ತು. ಇಲ್ಲಿ ನೀರಿರಬೇಕು ಅನ್ನೋ ಆಸೆ ಸುತ್ತಲಿನವರಿಗೆಲ್ಲ ಇತ್ತು. ಆದರೆ ಆಸೆ ಎಲ್ಲರದ್ದಾದಾಗ ಕೆಲಸ ಯಾರದ್ದೂ ಆಗಲ್ಲ ನೋಡಿ! ಲೇಖಕಿ ಉಷಾ ರಾಜಗೋಪಾಲನ್ ನೆರೆಹೊರೆಯವರನ್ನು ಸೇರಿಸಿಕೊಂಡು ಬೆನ್ನು ಹತ್ತಿದರು. 2010ರಲ್ಲಿ ಟ್ರಸ್ಟ್ ಆಯಿತು. ಆಗಿನ ಬಿಬಿಎಂಪಿ ಹೂಳೆತ್ತಿಸಿತು. ನೀರೂ ನಿಂತಿತು.

ಇಲ್ಲಿಗೆ ಕಥೆ ಮುಗೀತು ಅಂದ್ಕೊಂಡ್ರಾ? ನಮ್ಮ ಕಡೆಯಾಗಿದ್ದರೆ ಮುಗೀತಿತ್ತು. ನನ್ನ ಮೊದಲ ಪ್ರಾಜೆಕ್ಟ್ ಡೆಲಿವರಿ ದಿನ ಕೇಕ್ ಕತ್ತರಿಸಿ, ಮರುದಿನವೇ ಟೀಮ್ ಚೆದುರಿಸಿದರು. ಮೂರು ತಿಂಗಳಲ್ಲಿ ಅದನ್ನು ಬಳಸೋರೇ ಇರಲಿಲ್ಲ. ಆ ಕೋಡಿನಲ್ಲಿ ನನ್ನ ಒಂದು ವರ್ಷ ಇತ್ತು...

ಪುಟ್ಟೇನಹಳ್ಳಿಯವರು ಹಾಗೆ ಮಾಡಲಿಲ್ಲ. 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ನಿರ್ವಹಣೆಯನ್ನೇ ವಹಿಸಿಕೊಂಡರು. ಕಳೆ ಕೀಳಿಸೋದು, ಗಿಡ ಬೆಳೆಸೋದು, ಕೆಲಸದವರ ಸಂಬಳಕ್ಕೆ ದೇಣಿಗೆ ಎತ್ತೋದು. ಮಳೆನೀರು ಬರೋ ದಾರಿಗಳೇ ಕಟ್ಟಡಗಳಡಿ ಮುಚ್ಚಿಹೋಗಿದ್ದವು. ಹಾಗಾಗಿ ಬೇಸಿಗೆಯಲ್ಲಿ ಕೆರೆ ಸೊರಗುತ್ತಿತ್ತು. ಕೊನೆಗೆ ಪಕ್ಕದ ಸೌತ್ ಸಿಟಿ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರನ್ನು ಅದಕ್ಕೆ ಹರಿಸಿದರು.

ಇದೇನು ಹೊಸ ಬುದ್ಧಿಯಲ್ಲ. ಹಿಂದಿನವರು ಕೆರೆಯ ಪಾಲನೆಗೆ ಅಂತಲೇ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಕೆರೆಗೊಡಗೆ ಅಂತ ಹೆಸರು. ಅವರು ಕಲ್ಲಿನಲ್ಲಿ ಕೆತ್ತಿಸಿದ್ದನ್ನೇ ನಾವು ಬಜೆಟ್ಟಿನಿಂದ ಮೊದಲು ಹೊಡೆದುಹಾಕುತ್ತೇವೆ.

ನಿಮ್ಮೂರ ಕೆರೆ ಹೇಗಿದೆ? ಬರೀರಿ.