ಆಲೊವೇಯ ಮಣ್ಣಿನ ಮನೆ, ಮೌಂಟ್ ಆಲಿಫಂಟ್‌ನ ಗೇಣಿ: ರಾಬರ್ಟ್ ಬರ್ನ್ಸ್‌ನ ಬಾಲ್ಯದ ಮರುಪರಿಶೀಲನೆ

ರಾಬರ್ಟ್ ಬರ್ನ್ಸ್‌ನ ಮೊದಲ ಕವನ ಸಂಕಲನ 1786ರ ಜುಲೈ 31ರಂದು ಸ್ಕಾಟ್ಲೆಂಡಿನ ಕಿಲ್ಮಾರ್ನಕ್ ಪಟ್ಟಣದಲ್ಲಿ ಪ್ರಕಟವಾಯಿತು. ಅಚ್ಚಾದದ್ದು 612 ಪ್ರತಿ. ಅದೇ ಡಿಸೆಂಬರಿನಲ್ಲಿ ಹೆನ್ರಿ ಮೆಕೆಂಜಿ ಎಡಿನ್‌ಬರೋದ ‘ದಿ ಲೌಂಜರ್’ ಪತ್ರಿಕೆಯಲ್ಲಿ ಈ ಕವಿಗೆ ದೈವವೇ ವಿದ್ಯೆ ಕಲಿಸಿದ ರೈತನೆಂಬ ಬಿರುದು ಕೊಟ್ಟ. ಬಿರುದು ಕವಿಯ ಹೆಸರಿಗೆ ಅಂಟಿಕೊಂಡಿತು. ಅವನು ಹುಟ್ಟಿದ ಹುಲ್ಲುಮಾಡಿನ ಮನೆ ಅದಕ್ಕೆ ಸಾಕ್ಷಿಯಾಗಿ ಯಾತ್ರಾಸ್ಥಳವೂ ಆಯಿತು. ಈ ಚಿತ್ರ ಎರಡು ಸಂಗತಿಗಳನ್ನು ಮರೆಮಾಡುತ್ತದೆ ಎಂಬುದು ನನ್ನ ವಾದ: ಒಂದು, ಆ ಮನೆಯಲ್ಲಿ ಯೋಚಿಸಿ, ಹಣ ತೆತ್ತು ನಡೆಸಿದ ಶಿಕ್ಷಣ, ಇನ್ನೊಂದು, ಆ ಶಿಕ್ಷಣವನ್ನು ಮತ್ತೆ ಮತ್ತೆ ತುಂಡರಿಸಿದ ಗೇಣಿಯ ಲೆಕ್ಕ.

ತಂದೆ ವಿಲಿಯಂ ಈಶಾನ್ಯ ಸ್ಕಾಟ್ಲೆಂಡಿನ ಕಿನ್ಕಾರ್ಡಿನ್ ಪ್ರಾಂತದವನು. ಕೆಲಸ ಹುಡುಕಿ ಎಡಿನ್‌ಬರೋಗೆ, ಅಲ್ಲಿಂದ ಏರ್‌ಶೈರಿಗೆ ಬಂದ ತೋಟಗಾರ. ಏರ್ ಪಟ್ಟಣದ ದಕ್ಷಿಣಕ್ಕೆ ಸುಮಾರು ಎರಡು ಮೈಲಿ ದೂರದ ಆಲೊವೇಯಲ್ಲಿ ಏಳೂವರೆ ಎಕರೆ ನೆಲವನ್ನು ಗುತ್ತಿಗೆ ಹಿಡಿದು, 1757ರಲ್ಲಿ ತನ್ನ ಕೈಯಾರೆ ಮಣ್ಣಿನ ಗೋಡೆ ಎಬ್ಬಿಸಿ, ಹುಲ್ಲು ಹೊದಿಸಿ ಮನೆ ಕಟ್ಟಿದ. ಅದೇ ಡಿಸೆಂಬರಿನಲ್ಲಿ ಆಗ್ನೆಸ್ ಬ್ರೌನ್‌ಳನ್ನು ಮದುವೆಯಾದ. ಜನವಾಸಕ್ಕೂ ದನಕ್ಕೂ ಅಲ್ಲಿ ಒಂದೇ ಸೂರು. ಅಡುಗೆಮನೆಯ ಗೋಡೆಗೆ ಸೇರಿಸಿದ ಹಾಸಿಗೆಯಲ್ಲಿ 1759ರ ಜನವರಿ 25ರಂದು ರಾಬರ್ಟ್ ಹುಟ್ಟಿದ. ಕೆಲವೇ ದಿನಗಳಲ್ಲಿ ಬಿರುಗಾಳಿಗೆ ಗೋಡೆಯ ಒಂದು ಭಾಗ ಕುಸಿಯಿತು. ಬಾಣಂತಿಯನ್ನೂ ಕೂಸನ್ನೂ ಕತ್ತಲಲ್ಲೇ ನೆರೆಮನೆಗೆ ಸಾಗಿಸಬೇಕಾಯಿತು. ಜೀವನಚರಿತ್ರಕಾರರು ಈ ಘಟನೆಯಲ್ಲಿ ಶಕುನ ಕಂಡಿದ್ದಾರೆ. ನನಗೆ ಕಾಣುವುದು ಕೂಲಿಗೆ ಜನ ಹಿಡಿಯಲಾಗದವನೊಬ್ಬ ಬೇರೆಯವರ ತೋಟದ ದುಡಿಮೆ ಮುಗಿಸಿ, ಉಳಿದ ಹೊತ್ತಿನಲ್ಲಿ ಕಟ್ಟಿದ ಗೋಡೆ.

ಅಂಥ ಮನೆ 1765ರಲ್ಲಿ ಒಬ್ಬ ಮೇಷ್ಟರನ್ನು ಇಟ್ಟುಕೊಂಡಿತು. ವಿಲಿಯಂ ಮತ್ತು ನಾಲ್ವರು ನೆರೆಯವರು ಸೇರಿ ಹದಿನೆಂಟು ವರ್ಷದ ಜಾನ್ ಮರ್ಡಾಕ್‌ನನ್ನು ಕರೆತಂದರು. ಊಟ ವಸತಿ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ. ಪದ್ಯವನ್ನು ಗದ್ಯದ ಅನ್ವಯಕ್ಕೆ ತರುವುದು, ಒಂದು ಪದದ ಜಾಗದಲ್ಲಿ ಸಮಾನಾರ್ಥಕ ಪದ ಇಡುವುದು, ಬಿಟ್ಟುಹೋದ ಪದ ತುಂಬುವುದು ಅವನ ಪಾಠಕ್ರಮ. ಕವಿಯ ಕೈಗೆ ಇದಕ್ಕಿಂತ ಒಳ್ಳೆಯ ಕಸರತ್ತು ಬೇಕೆ? ಮುಂದೆ ಬರೆದ ಪತ್ರದಲ್ಲಿ ಮರ್ಡಾಕ್, ಇಬ್ಬರು ಹುಡುಗರಲ್ಲಿ ಕವಿಯಾಗುವವನು ತಮ್ಮ ಗಿಲ್ಬರ್ಟ್ ಎಂದೇ ಆಗ ತೋರುತ್ತಿತ್ತು, ರಾಬರ್ಟ್‌ನ ಕಿವಿ ರಾಗಕ್ಕೆ ಮಂದವಾಗಿತ್ತು ಎಂದಿದ್ದಾನೆ. ಈ ಸಾಕ್ಷ್ಯವನ್ನು ಹುಟ್ಟುಪ್ರತಿಭೆಯ ಕಥೆ ಹೇಳುವವರು ಗಂಭೀರವಾಗಿ ತೆಗೆದುಕೊಂಡಿಲ್ಲ.

ರಾಗ ಬಂದದ್ದು ಬೇರೆ ದಾರಿಯಿಂದ. ತಾಯಿಗೆ ಬರೆಯಲು ಬಾರದು, ಆದರೆ ಹಳೆಯ ಹಾಡುಗಳು ಬಾಯಲ್ಲಿದ್ದವು. ತಾಯಿಯ ಬಂಧುವಾದ ಬೆಟ್ಟಿ ಡೇವಿಡ್‌ಸನ್ ಎಂಬ ವಿಧವೆ ದೆವ್ವ, ಮಾಟಗಾತಿ, ಯಕ್ಷಿಣಿಯರ ಕಥೆಗಳ ಭಂಡಾರವಾಗಿದ್ದಳು. ಅವು ತನ್ನ ಕಲ್ಪನೆಯ ಮೇಲೆ ಎಂಥ ಪ್ರಭಾವ ಬೀರಿದವೆಂದು ಕವಿಯೇ 1787ರ ಆಗಸ್ಟಿನಲ್ಲಿ ಡಾ. ಜಾನ್ ಮೂರ್‌ಗೆ ಬರೆದ ಆತ್ಮಕಥಾತ್ಮಕ ಪತ್ರದಲ್ಲಿ ವಿವರಿಸಿದ್ದಾನೆ. ಪುಸ್ತಕದ ಇಂಗ್ಲಿಷ್ ತಂದೆಯ ಕಡೆಯದು, ಸ್ಕಾಟ್ಸ್ ನುಡಿಯ ಕಥೆ ಹಾಡು ಹೆಂಗಸರ ಕಡೆಯದು. ‘ಟ್ಯಾಮ್ ಓ ಶಾಂಟರ್’ ಕವಿತೆಯಲ್ಲಿ ಮಾಟಗಾತಿಯರು ಕುಣಿಯುವುದು ಅವನು ಹುಟ್ಟಿದೂರಿನ ಪಾಳುಬಿದ್ದ ಇಗರ್ಜಿಯಲ್ಲೇ.

ಆದರೆ ಆಲೊವೇಯಲ್ಲಿ ರಾಬರ್ಟ್ ಕಳೆದದ್ದು ಮೊದಲ ಏಳು ವರ್ಷ ಮಾತ್ರ. 1766ರಲ್ಲಿ ವಿಲಿಯಂ ತನ್ನ ಧಣಿಯಿಂದ ಮೌಂಟ್ ಆಲಿಫಂಟ್ ಎಂಬ ಎಪ್ಪತ್ತು ಎಕರೆ ಜಮೀನನ್ನು ಗೇಣಿಗೆ ಪಡೆದ: ಮೊದಲ ಆರು ವರ್ಷ ವರ್ಷಕ್ಕೆ 40 ಪೌಂಡು, ಆಮೇಲೆ 45. ದನಕರು ಕೊಳ್ಳಲು ಅದೇ ಧಣಿಯಿಂದ 100 ಪೌಂಡು ಸಾಲ. ಇದಕ್ಕೆ ಕಾರಣ ದುರಾಸೆಯಲ್ಲ. ತೋಟಗಾರನಾಗಿಯೇ ಉಳಿದಿದ್ದರೆ ಮಕ್ಕಳನ್ನು ಕಂಡವರ ಹೊಲಮನೆಗೆ ಆಳಾಗಿ ಕಳಿಸಬೇಕಿತ್ತು. ಅವರು ಒಳ್ಳೆಯದು ಕೆಟ್ಟದ್ದು ತಿಳಿಯುವವರೆಗೆ ತನ್ನ ಕಣ್ಣೆದುರೇ ಇರಲಿ ಎಂಬುದು ತಂದೆಯ ಹಂಬಲ. ಆ ಹಂಬಲಕ್ಕೆ ಬೆಲೆ ತೆತ್ತದ್ದು ಬಂಜರು ಮಣ್ಣಿನಲ್ಲಿ. ಕೂಲಿಯಾಳು ಇಡುವ ಶಕ್ತಿಯಿರಲಿಲ್ಲ, ವರ್ಷಗಟ್ಟಲೆ ಮನೆಗೆ ಮಾಂಸ ಬರಲಿಲ್ಲವೆಂದು ಗಿಲ್ಬರ್ಟ್ ಬರೆದಿದ್ದಾನೆ. ಹದಿಮೂರಕ್ಕೆ ರಾಬರ್ಟ್ ಒಕ್ಕಣೆಗೆ ನಿಂತ. ಹದಿನೈದಕ್ಕೆ ಜಮೀನಿನ ಮುಖ್ಯ ದುಡಿಮೆಗಾರನಾದ. ಸಂಜೆಯ ತಲೆನೋವು, ಮುಂದೆ ಎದೆಬಡಿತ ಅವನನ್ನು ಕಾಡಿದವು. ಧಣಿ ತೀರಿಕೊಂಡ ಮೇಲೆ ಎಸ್ಟೇಟಿನ ಪಾರುಪತ್ಯಗಾರ ಬರೆಯುತ್ತಿದ್ದ ಬೆದರಿಕೆಯ ಪತ್ರಗಳಿಗೆ ಮನೆಮಂದಿಯೆಲ್ಲ ಕಣ್ಣೀರಿಡುತ್ತಿದ್ದರು. ‘ದಿ ಟ್ವಾ ಡಾಗ್ಸ್’ ಕವಿತೆಯಲ್ಲಿ ಗೇಣಿದಾರರನ್ನು ಬೈದು ಹೆದರಿಸುವವನು ಇವನೇ.

1773ರಲ್ಲಿ ವ್ಯಾಕರಣ, ಫ್ರೆಂಚ್ ಕಲಿಯಲು ರಾಬರ್ಟ್‌ನನ್ನು ಏರ್‌ನಲ್ಲಿದ್ದ ಮರ್ಡಾಕ್‌ನ ಬಳಿ ಕಳಿಸಿದರು. ಒಂದು ವಾರವಾಗುತ್ತಲೇ ಕೊಯ್ಲಿಗೆ ವಾಪಸು ಬರಬೇಕಾಯಿತು. ಕೊಯ್ಲು ಮುಗಿದ ಮೇಲೆ ಇನ್ನೆರಡು ವಾರ ಪಾಠ. ಅವನ ಬಾಲ್ಯದ ಸ್ವರೂಪವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸಂಗತಿ ಮತ್ತೊಂದಿಲ್ಲ. ಮೊದಲ ಹಾಡನ್ನು ಅವನು ಕಟ್ಟಿದ್ದೂ ಹದಿನೈದರ ಕೊಯ್ಲಿನ ಕಾಲದಲ್ಲಿ, ಜೊತೆಯಲ್ಲಿ ದುಡಿಯುತ್ತಿದ್ದ ಹುಡುಗಿಯ ಮೇಲೆ, ಅವಳಿಗೆ ಪ್ರಿಯವಾದ ಮಟ್ಟಿನಲ್ಲಿ.

ಮೌಂಟ್ ಆಲಿಫಂಟ್ ಬಿಟ್ಟು 1777ರಲ್ಲಿ ವಿಲಿಯಂ ಹಿಡಿದ ಲಾಕ್ಲಿ ಎಂಬ ಜಮೀನು ವ್ಯಾಜ್ಯದಲ್ಲಿ ಕೊನೆಗೊಂಡಿತು. ಎಡಿನ್‌ಬರೋದ ನ್ಯಾಯಾಲಯದ ತೀರ್ಪು ವಿಲಿಯಂನ ಪರವಾಗಿ ಬಂದದ್ದು 1784ರ ಜನವರಿಯಲ್ಲಿ. ಮುಂದಿನ ತಿಂಗಳು ಅವನು ತೀರಿಕೊಂಡ. ಆಲೊವೇಯ ಮನೆಯನ್ನು ಅವನು 1781ರಲ್ಲೇ ಏರ್ ಪಟ್ಟಣದ ಚಮ್ಮಾರರ ಸಂಘಕ್ಕೆ ಮಾರಿದ್ದ. ಅದು ಹೆಂಡದಂಗಡಿಯಾಯಿತು, 1801ರಲ್ಲಿ ಅಲ್ಲಿ ಸೇರಿದ ಅಭಿಮಾನಿಗಳ ಭೋಜನದಿಂದಲೇ ಇಂದಿನ ಬರ್ನ್ಸ್ ಸಂಜೆಗಳ ಪರಂಪರೆ ಹೊರಟಿತು. ಈಗ ಮನೆ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್‌ನ ವಸ್ತುಸಂಗ್ರಹಾಲಯದ ಭಾಗ. ಮೌಂಟ್ ಆಲಿಫಂಟ್‌ಗೆ ಅಂಥ ಮನ್ನಣೆ ದೊರೆತಿಲ್ಲ, ಕವಿಯ ಹನ್ನೊಂದು ವರ್ಷಗಳನ್ನು ಅರೆದದ್ದು ಆ ನೆಲವಾದರೂ.

ಅನಕ್ಷರ ಪ್ರತಿಭೆಯ ಚಿತ್ರಕ್ಕೆ ಕವಿಯ ಪಾಲೂ ಇದೆ. ಕಿಲ್ಮಾರ್ನಕ್ ಸಂಕಲನದ ಮುನ್ನುಡಿಯಲ್ಲಿ ತನಗೆ ಶಾಸ್ತ್ರೀಯ ಕಾವ್ಯವಿದ್ಯೆ ಇಲ್ಲವೆಂದು ಅವನೇ ಹೇಳಿಕೊಂಡ. ಪುಸ್ತಕ ಮಾರಿ ಬದುಕು ಕಟ್ಟಿಕೊಳ್ಳಬೇಕಿದ್ದ ಇಪ್ಪತ್ತೇಳರ ಗೇಣಿದಾರನ ಮಾತು ಅದು. ಅದನ್ನು ಮರ್ಡಾಕ್‌ನ ಪತ್ರದ ಪಕ್ಕದಲ್ಲಿಟ್ಟು ಓದಿದರೆ ಅದು ತಪ್ಪೊಪ್ಪಿಗೆಯಲ್ಲ, ಓದುಗರನ್ನು ಬಲ್ಲ ಲೇಖಕನ ಎಣಿಕೆ ಎಂಬುದು ತಿಳಿಯುತ್ತದೆ.