ರೈಸ್ ಎದುರಿನ ಆ ಇನ್ನೊಂದು ಜಾಗ

1990ರ ದಶಕದ ನಡುಭಾಗದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಇಬ್ಬರು ಫುಟ್‌ಬಾಲ್ ಪ್ರೇಮಿಗಳು ಸೇರಿದರೆ ಸಾಕು, ಒಂದು ಪ್ರಶ್ನೆ ತಲೆ ಎತ್ತುತ್ತಿತ್ತು. ನಗರದ ‘ಫಾರ್ಟಿನೈನರ್ಸ್’ ತಂಡದ ಒಂದು ಅಂಚಿನಲ್ಲಿ ಜೆರಿ ರೈಸ್ ಇದ್ದಾರೆ, ಅದರಲ್ಲಿ ತಕರಾರಿಲ್ಲ. ಇನ್ನೊಂದು ಅಂಚಿನಲ್ಲಿ ನಿಲ್ಲಬೇಕಾದವರು ಯಾರು? 1849ರ ಚಿನ್ನದ ಬೇಟೆಗೆ ಬಂದವರ ನೆನಪಿನಲ್ಲಿ ಹೆಸರಿಟ್ಟುಕೊಂಡ ಈ ತಂಡ 1995ರ ಜನವರಿಯಲ್ಲಷ್ಟೇ ಐದನೇ ಸಲ ‘ಸೂಪರ್ ಬೌಲ್’ ಗೆದ್ದಿತ್ತು. ಗೆದ್ದ ಮನೆಯಲ್ಲೂ ಜಗಳಕ್ಕೆ ಒಂದು ಕಾರಣ ಬೇಕಲ್ಲ!

ಇದು ನಮ್ಮಲ್ಲಿ ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಅಪ್ಪಿಕೊಂಡು ಓಡುವ ಆಟ. ತಲಾ 11 ಮಂದಿ, ನೂರು ಗಜದ ಅಂಗಳ. ಚೆಂಡು ಸಿಕ್ಕ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ನಡುವೆ ನಿಂತು ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಎರಡು ಅಂಚುಗಳಿಂದ ಓಡಿಹೋಗಿ ಅದನ್ನು ಹಿಡಿಯುವವರು ರಿಸೀವರ್‌ಗಳು.

ಇಬ್ಬರಲ್ಲಿ ಒಬ್ಬ ಅಸಾಧಾರಣನಾದರೆ ಎದುರಾಳಿಗಳು ಅವನೊಬ್ಬನಿಗೇ ಇಬ್ಬರು ಕಾವಲುಗಾರರನ್ನು ಹಚ್ಚುತ್ತಾರೆ. ಆಗ ಆಚೆ ಅಂಚಿನವನಿಗೆ ಉಳಿಯುವುದು ಒಂಟಿ ಕಾವಲು. ಅವನು ಚೆಂಡು ಹಿಡಿದು ಎದುರಾಳಿಗೆ ಬಿಸಿ ಮುಟ್ಟಿಸಿದರೆ ಮಾತ್ರ ಮೊದಲನೆಯವನ ಮೇಲಿನ ಜೋಡಿ ಕಾವಲು ಸಡಿಲವಾಗುತ್ತದೆ. ಅವನು ಸೋತರೆ ಇಡೀ ತಂಡದ ದಾಳಿಯೇ ಕಟ್ಟಿಹಾಕಿದಂತಾಗುತ್ತದೆ. ಅದೇ ದಶಕದಲ್ಲಿ ಅನಿಲ್ ಕುಂಬ್ಳೆ ಜೊತೆಗೆ ಎರಡನೇ ಸ್ಪಿನ್ನರ್ ಯಾರಾಗಬೇಕು, ವೆಂಕಟಪತಿ ರಾಜುವೋ, ರಾಜೇಶ್ ಚೌಹಾಣರೋ, ನಮ್ಮ ಗದುಗಿನ ಸುನೀಲ್ ಜೋಶಿಯೋ ಎಂದು ವಾದಿಸಿದವರಿಗೆ ಈ ಚರ್ಚೆಯ ಕಾವು ಬಿಡಿಸಿ ಹೇಳಬೇಕಿಲ್ಲ.

ರಿಸೀವರ್‌ಗೆ ಈ ಮಹತ್ವ ಮೊದಲಿನಿಂದಲೂ ಇರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯುವುದು ನಿಯಮಬದ್ಧವಾದದ್ದೇ 1906ರಲ್ಲಿ. ಬಹುಕಾಲ ನುಗ್ಗಾಟ, ತಳ್ಳಾಟವೇ ಆಟದ ಜೀವಾಳವಾಗಿತ್ತು. 1978ರಲ್ಲಿ ಲೀಗ್ ನಿಯಮ ಬದಲಿಸಿ, ಆಟ ಶುರುವಾದ ಗೆರೆಯಿಂದ ಐದು ಗಜ ದಾಟಿದ ಮೇಲೆ ರಿಸೀವರ್‌ನನ್ನು ತಡೆದು ತಳ್ಳಕೂಡದು ಎಂದಿತು. ಅದರ ಮರುವರ್ಷ ಫಾರ್ಟಿನೈನರ್ಸ್ ತರಬೇತುದಾರರಾಗಿ ಬಂದ ಬಿಲ್ ವಾಲ್ಶ್, ಗಡಿಯಾರದ ಮುಳ್ಳಿನಂತೆ ಲೆಕ್ಕ ಹಾಕಿದ ಚಿಕ್ಕ ಚಿಕ್ಕ ಎಸೆತಗಳ ಆಟವನ್ನು ಕಟ್ಟಿದರು. ಆ ಪದ್ಧತಿಯಲ್ಲಿ ಮೊದಲ ಆಯ್ಕೆ ಮುಚ್ಚಿಹೋದರೆ ಎರಡನೆಯದು, ಅದೂ ಮುಚ್ಚಿದರೆ ಮೂರನೆಯದು ಎಂಬ ಕ್ರಮವಿತ್ತು. 1982ರ ಜನವರಿ 10ರಂದು ಡಲ್ಲಾಸ್ ವಿರುದ್ಧ ಇನ್ನು 51 ಸೆಕೆಂಡು ಇರುವಾಗ ಡ್ವೈಟ್ ಕ್ಲಾರ್ಕ್ ನೆಗೆದು ಹಿಡಿದ ಚೆಂಡು ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ‘ದಿ ಕ್ಯಾಚ್’ ಎಂದೇ ಪ್ರಸಿದ್ಧ. ಆದರೆ ಆ ಚೆಂಡು ಮೊದಲು ಹೋಗಬೇಕಾಗಿದ್ದುದು ಫ್ರೆಡಿ ಸೋಲೊಮನ್ ಅವರಿಗೆ.

1985ರಲ್ಲಿ ಮಿಸಿಸಿಪ್ಪಿಯ ಒಂದು ಸಣ್ಣ ಕಾಲೇಜಿನಿಂದ ರೈಸ್ ಬಂದರು. ತಂದೆ ಗಾರೆ ಕೆಲಸದವರು. ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಮೇಲೆ ನಿಂತು ಹಿಡಿಯುತ್ತಿದ್ದುದೇ ತಮ್ಮ ಕೈಗಳನ್ನು ಪಳಗಿಸಿತೆಂದು ಅವರು ಹೇಳಿಕೊಂಡಿದ್ದಾರೆ. ಮರುವರ್ಷ ಮೂರನೇ ಸುತ್ತಿನಲ್ಲಿ ಆಯ್ಕೆಯಾಗಿ ಬಂದವರು ಜಾನ್ ಟೇಲರ್. ಪತ್ರಕರ್ತರೊಂದಿಗೆ ಹೆಚ್ಚು ಮಾತಾಡದ ಆಸಾಮಿ. 1988ರ ಋತುವಿನ ಮೊದಲ ನಾಲ್ಕು ಪಂದ್ಯಗಳಿಗೆ, ಮಾದಕ ವಸ್ತು ನಿಯಮ ಮುರಿದ ಕಾರಣಕ್ಕೆ, ಲೀಗ್ ಅವರನ್ನು ಹೊರಗೆ ಕೂರಿಸಿತ್ತು.

ಆ ಋತುವಿನ ಅಂತಿಮ ಪಂದ್ಯ 1989ರ ಜನವರಿ 22ರಂದು ಮಯಾಮಿಯಲ್ಲಿ ನಡೆಯಿತು. ಸಿನ್ಸಿನಾಟಿ ಬೆಂಗಾಲ್ಸ್ 16-13ರಿಂದ ಮುಂದಿತ್ತು. ಉಳಿದಿದ್ದುದು ಮೂರು ನಿಮಿಷ ಚಿಲ್ಲರೆ, ಸಾಗಬೇಕಾಗಿದ್ದುದು 92 ಗಜ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನ ಹೆಜ್ಜೆಹೆಜ್ಜೆಯಾಗಿ ತಂಡವನ್ನು ಕೊನೆಯ ಹತ್ತು ಗಜದವರೆಗೆ ತಂದರು. ಅಂದು ರೈಸ್ 11 ಸಲ ಚೆಂಡು ಹಿಡಿದು 215 ಗಜ ಗಳಿಸಿದ್ದರು. ಎದುರಾಳಿಗಳ ಕಣ್ಣು ಅವರನ್ನು ಬಿಟ್ಟು ಅಲುಗುವಂತಿರಲಿಲ್ಲ. ರೈಸ್ ಅಡ್ಡಲಾಗಿ ಓಡಿದರು. ಮೊಂಟಾನ ನಡುವೆ ಎಸೆದರು. ಹಿಡಿದವರು ಟೇಲರ್! ಇಡೀ ಪಂದ್ಯದಲ್ಲಿ ಅವರು ಹಿಡಿದದ್ದು ಆ ಒಂದೇ ಚೆಂಡು. 34 ಸೆಕೆಂಡು ಉಳಿದಿದ್ದಾಗ 20-16. ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಮಾತ್ರ ರೈಸ್ ಅವರಿಗೆ ಸಂದಿತು. ನ್ಯಾಯವೇ ಸರಿ.

ಟೇಲರ್ ಬರೀ ನೆರಳಾಗಿದ್ದವರಲ್ಲ. ಅದೇ ವರ್ಷದ ಡಿಸೆಂಬರ್ 11ರಂದು ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ಅವರು 92 ಗಜದ ಒಂದು, 95 ಗಜದ ಇನ್ನೊಂದು ಟಚ್‌ಡೌನ್ ಗಳಿಸಿ ಒಟ್ಟು 286 ಗಜ ಸಂಪಾದಿಸಿದರು. ಬೇರೆ ಯಾವುದೇ ತಂಡದಲ್ಲಿದ್ದಿದ್ದರೆ ಅವರೇ ಮೊದಲನೆಯವರು. ಸುಮಾರು ಎಂಟು ವರ್ಷ ಆ ಜಾಗದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ತಲೆಬಿಸಿ ಶುರುವಾದದ್ದು ಟೇಲರ್‌ಗೆ ಮೂವತ್ತು ದಾಟಿದ ಮೇಲೆ. ಅಷ್ಟರಲ್ಲಿ ಲೀಗಿನ ಅರ್ಥಶಾಸ್ತ್ರವೂ ಬದಲಾಗಿತ್ತು. 1994ರಿಂದ ಪ್ರತಿ ತಂಡದ ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಬಂತು. ಮೊದಲ ವರ್ಷದ ಮಿತಿ 3 ಕೋಟಿ 46 ಲಕ್ಷ ಡಾಲರ್. ರೈಸ್‌ಗೆ ದೊಡ್ಡ ಮೊತ್ತ ಕೊಡುವ ತಂಡ ಎರಡನೆಯವನನ್ನೂ ತಾರಾಬೆಲೆಗೆ ಕೊಳ್ಳುವುದು ಕಷ್ಟವಾಯಿತು. ಕಾಲೇಜಿನಿಂದ ಎಳೆಯ ಆಟಗಾರನನ್ನು ತಂದು ಬೆಳೆಸುವುದೇ ದಾರಿ. ಆದರೆ ವಾರ್ಷಿಕ ‘ಡ್ರಾಫ್ಟ್’ ಆಯ್ಕೆಯಲ್ಲಿ ಸೋತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಚಾಂಪಿಯನ್ ಫಾರ್ಟಿನೈನರ್ಸ್ ಪಾಲಿಗೆ 1995ರಲ್ಲಿ ಬಂದದ್ದು 30ನೇ ಸ್ಥಾನ.

ಅಷ್ಟು ಹೊತ್ತು ಕಾಯಲು ತಂಡ ಒಪ್ಪಲಿಲ್ಲ. ಕ್ಲೀವ್‌ಲೆಂಡ್ ತಂಡದೊಂದಿಗೆ ವ್ಯಾಪಾರ ಕುದುರಿಸಿ 10ನೇ ಸರದಿಯನ್ನು ಪಡೆದು, ಯುಸಿಎಲ್‌ಎ ವಿಶ್ವವಿದ್ಯಾಲಯದ ಜೆ.ಜೆ. ಸ್ಟೋಕ್ಸ್ ಅವರನ್ನು ಆರಿಸಿಕೊಂಡಿತು. ಎತ್ತರದ ಆಳು. 1994ರ ಹೊಸ ವರ್ಷದ ದಿನ ರೋಸ್ ಬೌಲ್ ಪಂದ್ಯದಲ್ಲಿ 14 ಚೆಂಡು ಹಿಡಿದು ದಾಖಲೆ ಬರೆದವರು. ಇದಕ್ಕಾಗಿ ತಂಡ ತೆತ್ತದ್ದು ಆ ವರ್ಷದ ತನ್ನ ಸರದಿಗಳಷ್ಟೇ ಅಲ್ಲ, 1996ರ ಮೊದಲ ಸುತ್ತಿನ ಸರದಿಯನ್ನೂ ಸಹ. 1995ರ ಋತು ಮುಗಿಯುತ್ತಲೇ ಟೇಲರ್ ನಿವೃತ್ತರಾದರು. ಜಾಗ ತೆರವಾಯಿತು, ಉತ್ತರಾಧಿಕಾರಿ ಸಿದ್ಧ ಎಂದು ಎಲ್ಲರೂ ತಿಳಿದರು.

1996ರಲ್ಲಿ ಮೂರನೇ ಸುತ್ತಿನಲ್ಲಿ, ಒಟ್ಟಾರೆ 89ನೆಯವರಾಗಿ, ಟೆರೆಲ್ ಓವೆನ್ಸ್ ಎಂಬ ಹುಡುಗ ಬಂದರು. ಅಲಬಾಮದ ಸಣ್ಣ ಊರು, ಚಟ್ಟನೂಗಾದ ಹೆಸರಿಲ್ಲದ ಕಾಲೇಜು ತಂಡ. ಗಾಯದಿಂದ ಸ್ಟೋಕ್ಸ್ ಆ ವರ್ಷ ಬಹುಪಾಲು ಹೊರಗುಳಿದರು. ಓವೆನ್ಸ್ 35 ಚೆಂಡು ಹಿಡಿದರು. ವಾದ ಹುಟ್ಟಿಕೊಂಡದ್ದು ಆಗ.

ಅಷ್ಟರಲ್ಲಿ ವಾದಕ್ಕೆ ಒಂದು ಹೊಸ ಕಟ್ಟೆಯೂ ಸಿಕ್ಕಿತ್ತು. 1987ರಲ್ಲಿ ನ್ಯೂಯಾರ್ಕ್‌ನಲ್ಲಿ ದಿನದ 24 ಗಂಟೆಯೂ ಕ್ರೀಡೆಯನ್ನೇ ಮಾತಾಡುವ ರೇಡಿಯೊ ಕೇಂದ್ರ ಆರಂಭವಾದ ಮೇಲೆ ಆ ಮಾದರಿ ಊರೂರಿಗೆ ಹಬ್ಬಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಎನ್‌ಬಿಆರ್ ಎಂಬ ಕೇಂದ್ರವಿತ್ತು. ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟವನೂ ಫೋನಾಯಿಸಿ ತರಬೇತುದಾರನಿಗೆ ಬುದ್ಧಿ ಹೇಳಬಹುದಾದ ಕಾಲ ಅದು. ಸ್ಟೋಕ್ಸ್ ಪಕ್ಷದವರು ಹೇಳುತ್ತಿದ್ದುದು ಶಿಸ್ತಿನ ಮಾತು: ಹೇಳಿದ ದಾರಿಯಲ್ಲಿ ಓಡುತ್ತಾನೆ, ಅಷ್ಟು ಬೆಲೆ ತೆತ್ತು ತಂದವನನ್ನು ಕೂರಿಸುವುದೆ? ಓವೆನ್ಸ್ ಪಕ್ಷದವರದ್ದು ಕಣ್ಣಿಗೆ ಕಂಡ ಮಾತು: ಕೈ ಜಾರಿಸುತ್ತಾನೆ ನಿಜ, ಹಿಡಿದಾಗ ಮಾತ್ರ ಅವನನ್ನು ಕೆಡವಲು ಮೂವರು ಬೇಕು. ತೆತ್ತ ಬೆಲೆ ಎಂಬುದು ಆಟಗಾರನ ಯೋಗ್ಯತೆಯ ಲೆಕ್ಕಕ್ಕೆ ಹೇಗೋ ಸೇರಿಕೊಂಡುಬಿಡುತ್ತದೆ. ಸ್ಟೋಕ್ಸ್ ಆಡಿದ ಆಟಕ್ಕಿಂತ ಆ ಬೆಲೆಯೇ ಅವರಿಗೆ ಭಾರವಾಯಿತು ಎನ್ನಬೇಕು.

1997ರ ಆಗಸ್ಟ್ 31ರಂದು, ಋತುವಿನ ಮೊದಲ ಪಂದ್ಯದಲ್ಲೇ ರೈಸ್ ಮೊಣಕಾಲಿನ ಕಟ್ಟು ಹರಿದುಹೋಯಿತು. ವಾದ ತಾನಾಗಿ ನಿಂತಿತು, ಏಕೆಂದರೆ ಈಗ ಇಬ್ಬರೂ ಬೇಕು. ತಂಡ ಆ ಪಂದ್ಯ ಸೋತ ಮೇಲೆ ಸಾಲಾಗಿ 11 ಪಂದ್ಯ ಗೆದ್ದಿತು. ಋತುವಿನ ಕೊನೆಗೆ ಓವೆನ್ಸ್ 60, ಸ್ಟೋಕ್ಸ್ 58. ಎರಡು ಚೆಂಡಿನ ಅಂತರ. ಆದರೆ ಗಜಗಳ ಲೆಕ್ಕದಲ್ಲಿ ಓವೆನ್ಸ್ 936, ಸ್ಟೋಕ್ಸ್ 733. ವ್ಯತ್ಯಾಸ ಅಲ್ಲಿ ಕಾಣುತ್ತಿತ್ತು.

1999ರ ಜನವರಿ 3ರ ಪಂದ್ಯ ವಾದವನ್ನು ಮುಗಿಸಿತು. ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್. ಓವೆನ್ಸ್ ಅಂದು ಕೈಗೆ ಬಂದ ಚೆಂಡುಗಳನ್ನು ಒಂದಾದ ಮೇಲೊಂದು ಕೆಡವಿದ್ದರು. ಕೊನೆಯ ಗಳಿಗೆಯಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಯಂಗ್ ಹಿಂದಕ್ಕೆ ಸರಿಯುವಾಗ ಎಡವಿ, ಸಾವರಿಸಿಕೊಂಡು, ಕಾವಲುಗಾರರ ಗುಂಪಿನ ನಡುವೆ 25 ಗಜ ದೂರಕ್ಕೆ ಎಸೆದದ್ದು ಅದೇ ಓವೆನ್ಸ್ ಕಡೆಗೆ. ಎರಡು ಕಡೆಯಿಂದ ಹೊಡೆತ ಬಿದ್ದರೂ ಅವರು ಚೆಂಡು ಬಿಡಲಿಲ್ಲ. ಉಳಿದದ್ದು 3 ಸೆಕೆಂಡು, ಅಂಕ 30-27. ಓವೆನ್ಸ್ ತರಬೇತುದಾರ ಸ್ಟೀವ್ ಮರಿಯೂಚಿ ಅವರನ್ನು ಅಪ್ಪಿಕೊಂಡು ಅತ್ತರು. ಅದೇ ಮುನ್ನಡೆಯಲ್ಲಿ ರೈಸ್ ಕೈಯಿಂದ ಚೆಂಡು ಮೊದಲೇ ಜಾರಿತ್ತು, ತೀರ್ಪುಗಾರರು ಕಾಣಲಿಲ್ಲ ಎಂದು ಪ್ಯಾಕರ್ಸ್ ಅಭಿಮಾನಿಗಳು ದೂರುವುದುಂಟು. ಮುಂದಿನ ಋತುವಿನಿಂದ ಲೀಗ್ ಟಿವಿ ಮರುವೀಕ್ಷಣೆಯನ್ನು ಮತ್ತೆ ಜಾರಿಗೆ ತಂದಿತು.

ಸ್ಟೋಕ್ಸ್‌ಗಾಗಿ ಬಿಟ್ಟುಕೊಟ್ಟ 1996ರ ಆ ಸರದಿ ಏನಾಯಿತು? ಕ್ಲೀವ್‌ಲೆಂಡ್ ತಂಡ ಬಾಲ್ಟಿಮೋರ್‌ಗೆ ಸ್ಥಳಾಂತರಗೊಂಡು ಅದರಲ್ಲಿ ರೇ ಲೂಯಿಸ್ ಎಂಬ ರಕ್ಷಣಾ ಆಟಗಾರನನ್ನು ಆರಿಸಿಕೊಂಡಿತು. ಆತ ಬಾಲ್ಟಿಮೋರ್‌ಗೆ ಎರಡು ಸೂಪರ್ ಬೌಲ್ ಗೆಲ್ಲಿಸಿಕೊಟ್ಟ ತಂಡಗಳ ಬೆನ್ನೆಲುಬಾದರು. ಲೂಯಿಸ್ ಮತ್ತು ಓವೆನ್ಸ್ ಇಬ್ಬರೂ 2018ರಲ್ಲಿ ಒಟ್ಟಿಗೇ ‘ಹಾಲ್ ಆಫ್ ಫೇಮ್’ ಸೇರಿದರು.

ಎರಡನೆಯವನು ಬೆಳೆದರೆ ಮೊದಲನೆಯವನ ಗತಿಯೇನು ಎಂಬುದನ್ನು ಅಭಿಮಾನಿಗಳು ಯೋಚಿಸಿದಂತಿರಲಿಲ್ಲ. 2000ದ ಡಿಸೆಂಬರ್ 17ರಂದು ಅದು ಕಣ್ಣೆದುರು ನಡೆಯಿತು. ರೈಸ್‌ಗೆ 38 ವರ್ಷ, ಸಂಬಳದ ಮಿತಿಯಿಂದ ತಂಡ ಏದುಸಿರು ಬಿಡುತ್ತಿತ್ತು. ತವರಿನ ಅಂಗಳದಲ್ಲಿ ಇದು ಅವರ ಕೊನೆಯ ಪಂದ್ಯ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೊಲ್ಲಿಯ ಗಾಳಿ ಬಡಿಯುವ ಹಳೆಯ ಕ್ಯಾಂಡಲ್‌ಸ್ಟಿಕ್ ಕ್ರೀಡಾಂಗಣಕ್ಕೆ ಜನ ಬಂದದ್ದು ಅವರನ್ನು ಬೀಳ್ಕೊಡಲು. (ಆ ಕ್ರೀಡಾಂಗಣ 2015ರಲ್ಲಿ ನೆಲಸಮವಾಯಿತು. ಅದಕ್ಕೆ ಮೊದಲೇ, 2014ರಲ್ಲಿ, ತಂಡ ಸ್ಯಾಂಟಾ ಕ್ಲಾರಾಗೆ ಹೋಯಿತು. ಕಂಪ್ಯೂಟರ್ ಉದ್ಯೋಗ ಹುಡುಕಿ ಹೋದ ಕನ್ನಡಿಗರೂ ನೆಲೆಸಿರುವ ಊರದು.) ಅಂದು ಶಿಕಾಗೊ ಬೇರ್ಸ್ ವಿರುದ್ಧ ರೈಸ್ ಏಳು ಚೆಂಡು ಹಿಡಿದರು. ಓವೆನ್ಸ್ ಹಿಡಿದದ್ದು 20! 1950ರಿಂದ ಟಾಮ್ ಫಿಯರ್ಸ್ ಹೆಸರಿನಲ್ಲಿದ್ದ ಒಂದೇ ಪಂದ್ಯದಲ್ಲಿ 18 ಚೆಂಡುಗಳ ದಾಖಲೆ ಮುರಿಯಿತು. ಬೀಳ್ಕೊಡುಗೆಯ ದಿನವನ್ನೂ ಉತ್ತರಾಧಿಕಾರಿಯೇ ಕಸಿದುಕೊಂಡ ಎಂದು ಗೊಣಗಿದವರಿದ್ದರೆ ಆಶ್ಚರ್ಯವಿಲ್ಲ. ಆದರೆ ರೈಸ್ ಕೂಡ ಒಂದು ಕಾಲಕ್ಕೆ ಕ್ಲಾರ್ಕ್ ಪಕ್ಕಕ್ಕೆ ಬಂದ ಹೊಸ ಹುಡುಗನೇ ಆಗಿದ್ದರು.

2001ರಲ್ಲಿ ರೈಸ್ ಕೊಲ್ಲಿಯಾಚೆಯ ಓಕ್ಲೆಂಡ್ ತಂಡ ಸೇರಿದರು. ಓವೆನ್ಸ್ ಮೊದಲನೆಯವರಾದರು. ಹಳೆಯ ಪ್ರಶ್ನೆ ಮತ್ತೆ ಬಂತು: ಇನ್ನೊಂದು ಅಂಚಿಗೆ ಯಾರು? ಒಂದು ಕಡೆ ಅದೇ ಸ್ಟೋಕ್ಸ್, ಇನ್ನೊಂದು ಕಡೆ 1999ರಲ್ಲಿ ಆರನೇ ಸುತ್ತಿನಲ್ಲಿ ಅಗ್ಗಕ್ಕೆ ಸಿಕ್ಕಿದ ಟಾಯ್ ಸ್ಟ್ರೀಟ್ಸ್. 2002ರ ಋತುವಿನಲ್ಲಿ ಸ್ಟ್ರೀಟ್ಸ್ 72 ಚೆಂಡು ಹಿಡಿದು ಜಾಗ ತಮ್ಮದಾಗಿಸಿಕೊಂಡರು. 2003ರ ಜನವರಿ 5ರಂದು ನ್ಯೂಯಾರ್ಕ್ ಜಯಂಟ್ಸ್ ವಿರುದ್ಧ ತಂಡ 14-38ರಿಂದ ಹಿಂದಿತ್ತು. ಓವೆನ್ಸ್ 177 ಗಜ ಗಳಿಸಿ ಅಂತರವನ್ನು ಕುಗ್ಗಿಸಿದರು. ಕೊನೆಯ ನಿಮಿಷದಲ್ಲಿ ಕ್ವಾರ್ಟರ್‌ಬ್ಯಾಕ್ ಜೆಫ್ ಗಾರ್ಸಿಯ 13 ಗಜದ ಎಸೆತ ಎಸೆದರು. 39-38. ಹಿಡಿದವರು ಸ್ಟ್ರೀಟ್ಸ್.